ಮೂವತ್ತು ತಿಂಗಳ ಎಣ್ಣೆ

ಸಾಯುವ ಹಿಂದಿನ ದಿನ ಅವನು ಒಂಬತ್ತು ಸಲ ಗಾಡಿ ಹೊರಗೆ ತೆಗೆದಿದ್ದ. ಒಂಬತ್ತು ಸಲವೂ ಗೇಟು ತೆಗೆದವಳು ಅವನ ಹೆಂಡತಿಯೇ. ನರ್ಸಿಂಗ್ ಹೋಮಿನ ವಾಚ್‌ಮನ್ ರಜೆ ಹಾಕಿದ್ದ. ನೆಲ ಒರೆಸುವ ಆಯಾ ಹೇಗೂ ಅಲ್ಲೇ ಇರುತ್ತಾಳಲ್ಲ, ಗೇಟೂ ಅವಳ ತಲೆಗೇ ಬಿತ್ತು. ಅದಕ್ಕೇ ಎಷ್ಟು ಸಲ ಎಂಬುದು ಅವಳಿಗೆ ಸರಿಯಾಗಿ ನೆನಪಿದೆ.

ಎರಡು ಸಲ ರೋಗಿಗಳಿಗೆ. ಬಸ್ ನಿಲ್ದಾಣದ ಮೆಟ್ಟಿಲಲ್ಲಿ ಜಾರಿ ಬಿದ್ದ ಮುದುಕಿಯೊಬ್ಬಳನ್ನು ತಂದದ್ದು, ಆಮೇಲೆ ಹೆತ್ತವಳೊಬ್ಬಳನ್ನು ಮಗುವಿನ ಜೊತೆ ಮನೆಗೆ ಬಿಟ್ಟು ಬಂದದ್ದು. ಉಳಿದ ಏಳೂ ಮ್ಯಾನೇಜರ ಓಡಾಟ. ಬೆಳಿಗ್ಗೆ ಮ್ಯಾನೇಜರ ಮನೆಗೆ ಹಾಲು. ಮ್ಯಾನೇಜರ ಮಗಳು ಶಾಲೆಗೆ. ಇಸ್ತ್ರಿ ಬಟ್ಟೆ. ಮಧ್ಯಾಹ್ನ ಮ್ಯಾನೇಜರು ಊಟಕ್ಕೆ ಮನೆಗೆ, ಉಂಡು ವಾಪಸ್ಸು. ಮಗಳು ಶಾಲೆಯಿಂದ. ಸಂಜೆ ಮತ್ತೆ ಮನೆಗೆ. ಮನೆ ಎಷ್ಟು ದೂರ ಅಂತೀರಿ? ನರ್ಸಿಂಗ್ ಹೋಮಿನ ತಾರಸಿ ಮೇಲೆ ನಿಂತು ಜೋರಾಗಿ ಸೀನಿದರೆ ಅವರ ಹೆಂಡತಿಗೆ ಕೇಳಿಸಬೇಕು, ಅಷ್ಟು.

ಒಂದು ಓಟವೂ ಎರಡು ಕಿಲೋಮೀಟರು ದಾಟಲಿಲ್ಲ. ಇಂಜಿನ್ನು ಇನ್ನೇನು ಬೆಚ್ಚಗಾಗಬೇಕು, ಅಷ್ಟರಲ್ಲಿ ಗಾಡಿ ವಾಪಸ್ಸು ಬಂದು ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಆರುತ್ತಿತ್ತು. ಮತ್ತೆ ಸ್ಟಾರ್ಟು. ಕಾರಿನ ಇಂಜಿನ್ನೇ ಇದ್ದ ಸಣ್ಣ ಬಿಳಿ ಪೆಟ್ರೋಲ್ ವ್ಯಾನು ಅದು. ಒಳಗೆ ಒಂದು ಸ್ಟ್ರೆಚರ್, ಪಕ್ಕದಲ್ಲಿ ಒಂದು ಬೆಂಚು, ತಲೆಯ ಮೇಲೆ ತಿರುಗುವ ದೀಪ. ಹೆಸರಿಗೆ ಆಂಬುಲೆನ್ಸ್. ದೂರಕ್ಕೆ ಹೋಗುವ ರೋಗಿಗಳಿಗೆ ದೊಡ್ಡ ಬಾಡಿಗೆ ಆಂಬುಲೆನ್ಸ್ ಬರುತ್ತಿತ್ತು. ಇದು ಊರೊಳಗಿನ ಕೆಲಸಕ್ಕೆ.

ಅವನಿಗೆ ನರ್ಸುಗಳು ಇಟ್ಟ ಹೆಸರು ಎಣ್ಣೆಕಡ್ಡಿ ಅಣ್ಣ. ಇಂಜಿನ್ನಿನ ಎಣ್ಣೆ ಎಷ್ಟಿದೆ ಎಂದು ನೋಡಲು ಒಂದು ಉದ್ದನೆಯ ಕಡ್ಡಿ ಇರುತ್ತದಲ್ಲ, ಯಾವಾಗ ನೋಡಿದರೂ ಅದು ಅವನ ಕೈಯಲ್ಲಿ. ಆಳೂ ಹಾಗೇ ಇದ್ದ. ಅಂಗಿ ಬಿಚ್ಚಿದರೆ ಪಕ್ಕೆಲುಬು ಎಣಿಸಬಹುದಿತ್ತು. ಹನ್ನೆರಡು ವರ್ಷ ಲಾರಿ ಓಡಿಸಿ, ಬೆನ್ನು ಕೈಕೊಟ್ಟ ಮೇಲೆ ಈ ವ್ಯಾನಿಗೆ ಬಂದವನು. ಓದು ಏಳನೇ ಕ್ಲಾಸು. ಅವಳದು ನಾಲ್ಕು. ಇಬ್ಬರೂ ಸೇರಿದರೆ ಒಂದು ಹೈಸ್ಕೂಲು ದಾಟುತ್ತೇವೆ ಎಂದು ಅವನು ನಗುತ್ತಿದ್ದ.

ಎಣ್ಣೆ ವಿಷಯದಲ್ಲಿ ಅವನು ಯಾರನ್ನೂ ಬಿಡುತ್ತಿರಲಿಲ್ಲ. ಎದುರು ಬೀದಿಯಲ್ಲಿ ಬ್ಯಾಂಕಿನ ಮೇಡಂ ಒಬ್ಬರಿದ್ದರು. ಹೊಸ ಕಾರು. ಮನೆಯಿಂದ ಬ್ಯಾಂಕಿಗೆ ಒಂದು ಕಿಲೋಮೀಟರು, ಬ್ಯಾಂಕಿನಿಂದ ಮನೆಗೆ ಒಂದು. ಒಂದು ಭಾನುವಾರ ಅವರು ಕಾರು ಒರೆಸುತ್ತಿರುವಾಗ ಇವನು ಹೋಗಿ, "ಮೇಡಂ, ಒಂದ್ನಿಮಿಷ ಬಾನೆಟ್ ಎತ್ತಿ," ಎಂದ. ಎಣ್ಣೆ ಸುರಿಯುವ ಮುಚ್ಚಳ ತಿರುಗಿಸಿ ತೆಗೆದು ಅವರ ಕಣ್ಣ ಮುಂದೆ ಹಿಡಿದ. ಮುಚ್ಚಳದ ಒಳಗೆ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

"ಇದೇನಪ್ಪ ಇದು?"

"ನೀರು ಮೇಡಂ. ಎಣ್ಣೆ ಜೊತೆ ಸೇರಿ ಹೀಗಾಗಿದೆ. ನಿಮ್ಮ ಕಾರು ಪಾಪ ದಿನಾ ಅರ್ಧ ನಿದ್ದೇಲಿ ಎದ್ದು ಮತ್ತೆ ಮಲಗ್ತಿದೆ. ತಿಂಗ್ಳಿಗೊಂದೆರಡು ಸಲ ದೂರ ಕರ್ಕೊಂಡ್ಹೋಗಿ, ಮೈ ಚೆನ್ನಾಗಿ ಕಾಯ್ಲಿ. ಎಣ್ಣೆ ಮಾತ್ರ ಕಿಲೋಮೀಟರ್ ನೋಡ್ಕೊಂಡು ಕೂರ್ಬೇಡಿ. ಆರು ತಿಂಗ್ಳಿಗೆ ಬದಲಾಯಿಸ್ಬಿಡಿ."

ಆ ಮೇಡಂ ಓದಿದವರು, ಅದಕ್ಕೇ ಕೇಳಿದರು. ಮ್ಯಾನೇಜರೂ ಓದಿದವರೇ. ಅವರ ಓದು ಬೇರೆ ಜಾತಿಯದು.

ಸಾಯುವ ಹಿಂದಿನ ಆ ದಿನ ಒಂದನೇ ತಾರೀಖು. ಪ್ರತಿ ತಿಂಗಳ ಒಂದನೇ ತಾರೀಖು ಅವನು ಮ್ಯಾನೇಜರ ರೂಮಿಗೆ ಹೋಗುತ್ತಿದ್ದ. ಅವಳು ಅಲ್ಲೇ ಮೇಜಿನ ಕೆಳಗೆ ಮಾಪು ಎಳೆಯುತ್ತಿದ್ದಳು.

"ಸಾರ್, ಆಯಿಲ್ ಚೇಂಜ್ ಮಾಡಿಸ್ಬೇಕು."

"ನೀನು ಬಂದ್ರೆ ಸಾಕು, ನಂಗೆ ಕ್ಯಾಲೆಂಡರ್ ಬೇಕಾಗಿಲ್ಲ," ಎಂದರು ಮ್ಯಾನೇಜರು, ತಲೆ ಎತ್ತದೆ.

"ಮೂವತ್ತು ತಿಂಗ್ಳಾಯ್ತು ಸಾರ್."

"ಗ್ಲಾಸಿನ ಮೇಲೆ ಸ್ಟಿಕರ್ ಅಂಟ್ಸಿದಾರಲ್ಲ, ಏನು ಬರ್ದಿದೆ?"

"ನಲವತ್ತೊಂದು ಸಾವಿರ."

"ಮೀಟರ್ ಎಷ್ಟು ತೋರಿಸ್ತಿದೆ?"

"ಮೂವತ್ತೆಂಟು ಸಾವಿರದ ಆರ್ನೂರು."

"ಮತ್ತೆ? ಇನ್ನೂ ಎರಡು ಸಾವಿರದ ಚಿಲ್ಲರೆ ಇದೆ. ಗಾಡಿ ಕಡಿಮೆ ಓಡಿದೆ ಅಂತ ಖುಷಿ ಪಡೋದು ಬಿಟ್ಟು ಗೋಳಾಡ್ತೀಯಲ್ಲ."

"ಹತ್ತಿರ ಹತ್ತಿರ ಓಡೋ ಗಾಡಿಗೆ ಮೀಟರ್ ನೋಡ್ಬಾರ್ದು ಸಾರ್, ತಿಂಗ್ಳು ನೋಡ್ಬೇಕು. ನಮ್ಮ ಓಟಕ್ಕೆ ನಾಲ್ಕು ತಿಂಗ್ಳಿಗೇ ಬದಲಾಯಿಸಿದ್ರೂ ತಪ್ಪಿಲ್ಲ. ಗಾಡಿ ಜೊತೆ ಬಂದಿರೋ ಬುಕ್ಕಲ್ಲೇ ಇದೆ."

"ಬುಕ್ಕು ನಾನೂ ಓದಿದೀನಿ. ಹತ್ತು ಸಾವಿರ ಅಂತಿದೆ."

"ಮುಂದಿನ ಹಾಳೆ ನೋಡಿ ಸಾರ್."

ಆಗ ಮ್ಯಾನೇಜರು ತಲೆ ಎತ್ತಿದರು. "ಹಾಳೆ ತಿರುವೋದು ನೀನು ಹೇಳ್ಕೊಡ್ತೀಯಾ ನಂಗೆ? ಹೋಗಯ್ಯ, ಮಗಳಿಗೆ ಶಾಲೆ ಬಿಡೋ ಹೊತ್ತಾಯ್ತು, ಕರ್ಕೊಂಡ್ ಬಾ."

ಅವನು ಹೋದ. ಅವಳು ಹೋಗಿ ಗೇಟು ತೆಗೆದಳು. ಮ್ಯಾನೇಜರ ಓಡಾಟದಲ್ಲಿ ಅವತ್ತಿನ ಆರನೆಯದು ಅದು.

ನರ್ಸಿಂಗ್ ಹೋಮಿನ ಹಿಂದೆಯೇ ಅವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆ ಕಿಟಕಿಯಿಂದ ಗಾಡಿಯ ಶೆಡ್ಡು ಕಾಣುತ್ತದೆ. ಮಗಳ ಮದುವೆ ಮಾಡಿ ಕಳಿಸಿ ಎರಡು ವರ್ಷವಾಗಿತ್ತು. ಸಂಜೆ ಅವಳು ಒಲೆ ಮುಂದೆ ನಿಂತು ರೇಗಿದಳು.

"ತಿಂಗ್ಳಾ ತಿಂಗ್ಳಾ ಹೋಗಿ ಬೈಸ್ಕೊಂಡ್ ಬರ್ತೀರಲ್ರೀ, ಮಾನ ಮರ್ಯಾದೆ ಇಲ್ವಾ ನಿಮ್ಗೆ? ಗಾಡಿ ಏನ್ ನಿಮ್ಮಪ್ಪಂದಾ? ಹಾಳಾದ್ರೆ ಹಾಳಾಗ್ಲಿ."

"ಗಾಡಿ ನಮ್ಮಪ್ಪಂದಲ್ಲ ಕಣೇ. ಅದ್ರೊಳಗೆ ಮಲಗೋರು ಯಾರದೋ ಅಪ್ಪ, ಯಾರದೋ ಅವ್ವ." ಅವನು ಎದ್ದು ಬಂದು ಒಲೆ ಮೇಲಿದ್ದ ನೀರಿನ ಪಾತ್ರೆಯ ಮುಚ್ಚಳ ತೆಗೆದ. ಒಳಮೈಗೆಲ್ಲ ಹನಿ ಕೂತಿತ್ತು. "ನೋಡಿಲ್ಲಿ. ಗಳಗಳ ಕುದಿದ್ರೆ ಆವಿ ಹೊರಗೆ ಹೋಗುತ್ತೆ. ಬರೀ ಬೆಚ್ಚಗಾದಾಗ ಒಲೆ ಆರಿಸಿದ್ರೆ? ನೀರು ಅಲ್ಲೇ ತಿರುಗಿ ಒಳಕ್ಕೇ ಬೀಳುತ್ತೆ. ಇಂಜಿನ್ನೂ ಅಷ್ಟೇ. ಸುಡದೇ ಉಳಿದ ಪೆಟ್ರೋಲೂ ಜೊತೆಗೆ ಇಳಿಯುತ್ತೆ. ದಿನಕ್ಕೆ ಒಂಬತ್ತು ಸಲ ಹೀಗೆ ಮಾಡಿದ್ರೆ ಎಣ್ಣೆ ಎಣ್ಣೆಯಾಗಿರುತ್ತಾ?"

"ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿ ಅಂದ್ರೆ ನಾಳೆ ನಾಡಿದ್ದು ಅಂತೀರಿ. ಗಾಡಿ ಚಿಂತೆ ಮಾತ್ರ ನೆತ್ತಿಗೇರಿರುತ್ತೆ."

"ನಿನ್ನ ಸೊಂಟದ ಕಿಲೋಮೀಟರ್ ಇನ್ನೂ ಆಗಿಲ್ಲ," ಎಂದ ಅವನು ಮ್ಯಾನೇಜರ ದನಿಯಲ್ಲಿ. ಇಬ್ಬರೂ ನಕ್ಕರು. ಊಟ ಮಾಡಿ ಮಲಗಿದರು. ಅಷ್ಟೇ. ಆ ದಿನದಲ್ಲಿ ಹೇಳುವಂಥದ್ದು ಮತ್ತೇನೂ ಇಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಗಾಡಿಯ ಗಾಜು ಒರೆಸುತ್ತಿದ್ದವನು ಶೆಡ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಕಿಟಕಿಯಿಂದ ನೋಡಿದಳು. ಕೂತ ರೀತಿ ಸರಿ ಇರಲಿಲ್ಲ. ಓಡಿ ಹೋದಳು. ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಎಡಗೈ ಎಳೆಯುತ್ತಿದೆ ಎಂದ.

ನರ್ಸಿಂಗ್ ಹೋಮಿನ ಒಡತಿ ದೊಡ್ಡ ಡಾಕ್ಟರಮ್ಮ ಬಂದು ನೋಡಿದರು, ಇಸಿಜಿ ತೆಗೆಸಿದರು. ಹಾರ್ಟು. ಇಲ್ಲಿ ಆಗುವ ಕೆಲಸವಲ್ಲ, ಮೂವತ್ತೈದು ಕಿಲೋಮೀಟರು ಆಚೆ, ಘಾಟಿ ಹತ್ತಿ ಇಳಿದರೆ ಸಿಗುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಾಡಿಗೆ ಆಂಬುಲೆನ್ಸಿಗೆ ಫೋನು ಮಾಡಿದರು. ಅದು ಬೇರೆ ಊರಿಗೆ ಹೋಗಿತ್ತು, ಬರಲು ಎರಡು ಗಂಟೆ. ಉಳಿದದ್ದು ಶೆಡ್ಡಿನಲ್ಲಿದ್ದ ಗಾಡಿ. ಓಡಿಸುವವನು ಸ್ಟ್ರೆಚರ್ ಮೇಲೆ.

"ನಾನೇ ಓಡಿಸ್ತೀನಿ," ಎಂದು ಮ್ಯಾನೇಜರು ಕೀಲಿ ತೆಗೆದುಕೊಂಡರು. ಹಿಂದೆ ಮುಂದೆ ನೋಡಲಿಲ್ಲ. ಇದೊಂದು ಅವರ ಪಾಲಿನ ಪುಣ್ಯ. ಇದೊಂದೇ.

ಹಿಂದೆ ಬೆಂಚಿನ ಮೇಲೆ ಅವಳು, ಪಕ್ಕದಲ್ಲಿ ಸಿಸ್ಟರ್. ಸಿಸ್ಟರ್ ಆಕ್ಸಿಜನ್ ಹಿಡಿದುಕೊಂಡಿದ್ದರು. ಬಯಲು ದಾರಿ ಮುಗಿಯುವವರೆಗೆ ಗಾಡಿ ಚೆನ್ನಾಗಿಯೇ ಹೋಯಿತು. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಇಂಜಿನ್ನಿನಿಂದ ಸದ್ದು ಬಂತು. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ, ಟಕಟಕ ಟಕಟಕ. ಅಷ್ಟು ಹೊತ್ತು ಕಣ್ಣು ಮುಚ್ಚಿ ಮಲಗಿದ್ದವನು ಕಣ್ಣು ಬಿಟ್ಟ. ಮೂಗಿನ ಮೇಲಿದ್ದ ಮಾಸ್ಕು ಸರಿಸಿದ.

"ಕೆಂಪು ದೀಪ ಬಂದಿದೆಯಾ ನೋಡು."

ಅವಳು ಬಗ್ಗಿ ನೋಡಿದಳು. ಸ್ಟಿಯರಿಂಗ್ ಹಿಂದೆ ಎಣ್ಣೆಯ ಕ್ಯಾನಿನ ಚಿತ್ರದ ಸಣ್ಣ ದೀಪ ಕೆಂಪಗೆ ಉರಿಯುತ್ತಿತ್ತು. "ಬಂದಿದೆ ರೀ."

"ನಿಲ್ಸೋಕೆ ಹೇಳು. ಎಣ್ಣೆ ಮೇಲಕ್ಕೆ ಹತ್ತುತ್ತಿಲ್ಲ."

"ಸಾರ್, ನಿಲ್ಸಬೇಕಂತೆ. ಕೆಂಪು ದೀಪ ಬಂದಿದೆ."

"ಅದು ಆಗಾಗ ಬರ್ತಿರುತ್ತೆ. ನೀನು ಸುಮ್ನಿರಮ್ಮ. ಇನ್ನು ಹದಿನೈದು ಕಿಲೋಮೀಟರ್," ಎಂದರು ಮ್ಯಾನೇಜರು. ಇನ್ನೂ ಜೋರಾಗಿ ಒತ್ತಿದರು.

ಎರಡು ತಿರುವು ದಾಟಿದರು. ಮೂರನೆಯದರಲ್ಲಿ ಇಂಜಿನ್ನು ಹಿಡಿದುಕೊಂಡಿತು. ಯಾರೋ ಹಿಂದಿನಿಂದ ಜುಟ್ಟು ಹಿಡಿದು ಎಳೆದ ಹಾಗೆ ಗಾಡಿ ಗಕ್ಕನೆ ನಿಂತಿತು. ಸುಣ್ಣ ಬಳಿದ ಕಲ್ಲುಗಳ ಸಾಲಿದ್ದ ತಿರುವು. ಮ್ಯಾನೇಜರು ಕೀಲಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಇಳಿದರು, ಬಾನೆಟ್ ಎತ್ತಿದರು, ಏನು ನೋಡಬೇಕೆಂದು ತಿಳಿಯದೆ ಮುಚ್ಚಿದರು. ಫೋನಿನಲ್ಲಿ ಕೂಗಾಡಿದರು. ಬೇರೆ ಗಾಡಿ ಬರಲು ಐವತ್ತು ನಿಮಿಷ ಹಿಡಿಯಿತು. ಅವನಿಗೆ ಮೂವತ್ತು ನಿಮಿಷ ಸಾಕಾಯಿತು.

ಅವನು ಮತ್ತೆ ಮಾತಾಡಲಿಲ್ಲ. ಹೆಂಡತಿಯ ಹೆಸರು ಹೇಳಲಿಲ್ಲ, ಮಗಳ ಹೆಸರು ಹೇಳಲಿಲ್ಲ. ಎಣ್ಣೆ ಮೇಲಕ್ಕೆ ಹತ್ತುತ್ತಿಲ್ಲ ಅಂದದ್ದೇ ಕೊನೆ.

ನಾಲ್ಕು ದಿನದ ಮೇಲೆ ಅವಳು ಡಾಕ್ಟರಮ್ಮನನ್ನು ಕೇಳಿದಳು. "ಟೈಮಿಗೆ ಮುಟ್ಟಿದ್ರೆ ಉಳೀತಿದ್ರಾ?"

ಡಾಕ್ಟರಮ್ಮ ಸುಳ್ಳು ಹೇಳುವ ಪೈಕಿ ಅಲ್ಲ. "ಉಳಿಯೋ ಸಾಧ್ಯತೆ ಜಾಸ್ತಿ ಇತ್ತು ಕಣಮ್ಮ," ಎಂದರು.

ಅವಳು ಅಳಲಿಲ್ಲ. ಅತ್ತರೆ ಸಿಟ್ಟು ಕಣ್ಣೀರಲ್ಲಿ ಹರಿದು ಹೋಗುತ್ತದೆ ಎಂದು ಹೆದರಿದಳು. ಅವನ ಖಾಕಿ ಅಂಗಿ ಒಗೆಯದೆ ಮೊಳೆಗೆ ಹಾಗೇ ನೇತು ಹಾಕಿದಳು. ಅದರ ಮುಂದೆ ಕೂತು ಊಟ ಮಾಡಿದಳು. ಊಟ ಮಾಡಲೇಬೇಕಿತ್ತು. ಮುಂದೆ ಮಾಡುವುದು ಇತ್ತು.

ಅಷ್ಟರಲ್ಲಿ ಮ್ಯಾನೇಜರು ಮಾತು ಶುರು ಮಾಡಿದ್ದರು. ಔಷಧಿ ಕೌಂಟರಿನಲ್ಲಿ, ಲ್ಯಾಬಿನಲ್ಲಿ, ನೋಡಲು ಬಂದವರ ಹತ್ತಿರ, ಎಲ್ಲ ಕಡೆ ಅದೇ. "ಗಾಡಿ ನೋಡ್ಕೊಳ್ಳೋದು ಡ್ರೈವರ್ ಕೆಲ್ಸ ಅಲ್ವಾ. ಎಣ್ಣೆ ಸರಿಯಾಗಿ ನೋಡ್ಕೊಂಡಿದ್ರೆ ಹೀಗಾಗ್ತಿರ್ಲಿಲ್ಲ. ತಾನು ಕೆಡಿಸಿದ ಗಾಡೀಲೇ ತಾನು ಹೋಗೋ ಹಾಗಾಯ್ತು, ಪಾಪ."

ಅವಳು ಕಾರಿಡಾರಿನಲ್ಲಿ ಮಾಪು ಹಿಡಿದು ಇದನ್ನು ಕೇಳಿದಳು. ಉಳಿದದ್ದನ್ನೆಲ್ಲ ನುಂಗಬಹುದಿತ್ತೋ ಏನೋ. ಆ 'ಪಾಪ' ಗಂಟಲಲ್ಲಿ ಸಿಕ್ಕಿಕೊಂಡಿತು.

ಒಂದು ವಾರಕ್ಕೆ ಕಾಗದ ಬಂತು. ಸೋಮವಾರ ನರ್ಸಿಂಗ್ ಹೋಮಿನ ಕಮಿಟಿಯ ಮೀಟಿಂಗು. ಡ್ರೈವರು ಎಣ್ಣೆ ಬದಲಾಯಿಸಬೇಕೆಂದು ಯಾವತ್ತೂ ಗಮನಕ್ಕೆ ತಂದಿಲ್ಲ, ಅವನ ಅಲಕ್ಷ್ಯದಿಂದ ಗಾಡಿ ಕೆಟ್ಟಿದೆ, ಮನೆಯವರದು ಯಾವ ದೂರೂ ಇಲ್ಲ ಎಂದು ಮ್ಯಾನೇಜರು ಟೈಪು ಮಾಡಿಸಿದ್ದರು. ಕೆಳಗೆ ಅವಳ ಸಹಿಗೆ ಜಾಗ. ಸಹಿ ಹಾಕಿದರೆ ಕೆಲಸವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಹಾಕದಿದ್ದರೆ ಮನೆ ಮುಂದಿನ ಡ್ರೈವರಿಗೆ. ಮೈದುನ ಅದನ್ನು ಓದಿ ಹೇಳಿದ.

"ಅತ್ತಿಗೆ, ಹಾಕ್ಬಿಡಿ. ಅಣ್ಣ ಹೋಗಿಯಾಯ್ತು. ಹೆಸರು ಹಿಡ್ಕೊಂಡು ಏನ್ ಮಾಡ್ತೀರಿ? ಇರೋಕೆ ಸೂರು ಬೇಕಲ್ಲ."

"ನಿಮ್ಮಣ್ಣ ತಮ್ಮ ಕೈಯಾರೆ ಸತ್ರು ಅಂತ ಬರ್ದಿದೆ ಇದ್ರಲ್ಲಿ."

"ಹಾಗಂತ ಎಲ್ಲಿದೆ ಅತ್ತಿಗೆ?"

"ಓದೋಕೆ ನಾಲ್ಕನೇ ಕ್ಲಾಸ್ ಸಾಕು ಕಣಪ್ಪ. ಎಲ್ಲ ಸಾಲಲ್ಲೂ ಇದೆ."

ಅವಳು ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಗ್ಯಾರೇಜಿಗೆ ಹೋದಳು. ಎಳೆದು ತಂದ ಗಾಡಿ ಅಲ್ಲಿತ್ತು. ಗ್ಯಾರೇಜಿನ ಮೇಸ್ತ್ರಿ ಅವನ ಹಳೆಯ ಗೆಳೆಯ. ಅವಳನ್ನು ನೋಡಿ ಕೈ ಒರೆಸಿಕೊಂಡು ಎದ್ದು ನಿಂತ.

"ಬಾ ತಂಗಿ. ನೀನು ನೋಡ್ಬಾರ್ದು ಅದನ್ನ."

"ನೋಡೋಕೇ ಬಂದಿದೀನಿ ಅಣ್ಣ. ತೋರ್ಸು."

ಇಂಜಿನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದರು. ಮೇಸ್ತ್ರಿ ಕೆಳಗಿನ ತಟ್ಟೆ ತೋರಿಸಿದ. ಎಣ್ಣೆ ನಿಲ್ಲುವ ತಟ್ಟೆ ಅದು. ಎಣ್ಣೆ ಎಲ್ಲಿ? ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕಪ್ಪಗೆ, ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಂಥದ್ದು ತಳದ ತುಂಬ ಕೂತಿತ್ತು. ಎಣ್ಣೆ ಮೇಲಕ್ಕೆ ಎಳೆಯುವ ಕೊಳವೆಯ ಬಾಯಲ್ಲಿ ಒಂದು ಸಣ್ಣ ಜಾಲರಿ. ಅದರ ಒಂದು ತೂತೂ ಕಾಣುತ್ತಿರಲಿಲ್ಲ.

"ಊರೊಳಗೆ ಓಡ್ತಿರೋವರೆಗೆ ಹೇಗೋ ನಡೀತು," ಎಂದ ಮೇಸ್ತ್ರಿ. "ಏರಲ್ಲಿ ಒತ್ತಿದಾಗ ಎಣ್ಣೆ ಜಾಸ್ತಿ ಬೇಕು. ಬಾಯಿ ಕಟ್ಟಿದೆ, ಬರ್ಲಿಲ್ಲ. ಕೆಂಪು ದೀಪ ಬಂದ ಕೂಡ್ಲೇ ನಿಲ್ಸಿದ್ರೆ ಇಂಜಿನ್ನಾದ್ರೂ ಉಳೀತಿತ್ತು. ಸ್ವಲ್ಪ ಆರಿಸಿ ನಿಧಾನಕ್ಕೆ ದಾಟಿಸ್ಬಹುದಿತ್ತೋ ಏನೋ."

ಅವಳು ಬಗ್ಗಿ ಮೂಸಿದಳು. ಇಪ್ಪತ್ತೈದು ವರ್ಷ ಅವನ ಅಂಗಿ ಒಗೆದವಳು. ಒಳ್ಳೆ ಎಣ್ಣೆಯ ವಾಸನೆ ಅವಳಿಗೆ ಗೊತ್ತು. ಇದು ಕೆಟ್ಟು ಹೋದ ಪೆಟ್ರೋಲಿನ ವಾಸನೆ. ಸೆರಗಿನ ಗಂಟಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಲ್ಯಾಬಿನಲ್ಲಿ ರೋಗಿಗಳಿಗೆ ಮೂತ್ರ ತರಲು ಕೊಡುವ ಡಬ್ಬಿ. ಆ ಕಪ್ಪನ್ನು ಚಮಚದಲ್ಲಿ ಕೆರೆದು ತುಂಬಿ ಮುಚ್ಚಿದಳು. ಡಬ್ಬಿಯ ಮೇಲಿನ ಚೀಟಿಯಲ್ಲಿ ರೋಗಿಯ ಹೆಸರು ಬರೆಯುವ ಜಾಗದಲ್ಲಿ ಗಾಡಿಯ ನಂಬರು ಬರೆದಳು. ವಯಸ್ಸಿನ ಜಾಗದಲ್ಲಿ ಮೂವತ್ತು ತಿಂಗಳು. ಗಾಡಿಯೊಳಗಿದ್ದ ಪುಸ್ತಕವನ್ನೂ ಕೇಳಿ ಇಸಿದುಕೊಂಡಳು.

ಸೋಮವಾರ ಮೇಲಿನ ಮಹಡಿಯ ಕೋಣೆ. ಉದ್ದ ಮೇಜಿನ ತುದಿಯಲ್ಲಿ ಡಾಕ್ಟರಮ್ಮ, ಪಕ್ಕದಲ್ಲಿ ಕಮಿಟಿಯ ಇಬ್ಬರು ಹಿರಿಯರು, ಈಚೆ ಫೈಲು ಇಟ್ಟುಕೊಂಡ ಮ್ಯಾನೇಜರು. ಮೈದುನ ಬಾಗಿಲ ಹತ್ತಿರ ನಿಂತಿದ್ದ. ಆ ಮೇಜನ್ನು ಅವಳು ಎಷ್ಟೋ ವರ್ಷದಿಂದ ಒರೆಸಿದ್ದಾಳೆ. ಅದರ ಮುಂದೆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಮ್ಯಾನೇಜರನ್ನು ಅವಳು ಬಲ್ಲಳು. ದಿನಾ ಅವರ ಕಾಲ ಬುಡದಲ್ಲಿ ನೆಲ ಒರೆಸುವವಳಿಗೆ ಅವರ ನಾಡಿ ಸಿಕ್ಕಿತ್ತು. ಬೈದರೆ ಆ ಮನುಷ್ಯ ತಡೆದುಕೊಳ್ಳುತ್ತಾರೆ. ಬೇರೆಯವರಿಗೆ ತಮಗಿಂತ ಜಾಸ್ತಿ ಗೊತ್ತು ಅಂದರೆ ತಡೆದುಕೊಳ್ಳುವುದಿಲ್ಲ.

"ಸಾರ್ ಬರೆದಿರೋದು ಸರಿ ಇರ್ಬೇಕು ಡಾಕ್ಟ್ರಮ್ಮ," ಎಂದು ಶುರು ಮಾಡಿದಳು. "ನಮ್ಮನೆಯವ್ರು ಓದಿದವ್ರಲ್ಲ. ಸಹಿ ಹಾಕ್ತೀನಿ. ಅದಕ್ಕೆ ಮುಂಚೆ ಸಾರ್ ಹತ್ರ ಒಂದೆರಡು ಕೇಳ್ಕೋಬೇಕು, ನಂಗೂ ತಿಳೀಲಿ ಅಂತ."

"ಕೇಳಮ್ಮ, ಕೇಳು," ಎಂದರು ಮ್ಯಾನೇಜರು. ಪೆನ್ನು ಮುಂದಕ್ಕೆ ತಳ್ಳಿದರು.

"ಎಣ್ಣೆ ಯಾವಾಗ ಬದಲಾಯಿಸ್ಬೇಕು ಸಾರ್?"

"ಹತ್ತು ಸಾವಿರ ಕಿಲೋಮೀಟರಿಗೆ."

"ಆಗಿತ್ತಾ?"

"ಎಲ್ಲಾಗಿತ್ತು? ಏಳೂವರೆ ಸಾವಿರ ಚಿಲ್ಲರೆ."

"ಅಂದ್ರೆ ಬದಲಾಯಿಸೋ ಹೊತ್ತೇ ಬಂದಿರ್ಲಿಲ್ಲ."

"ಬಂದಿರ್ಲಿಲ್ಲ."

"ಮತ್ತೆ ನಮ್ಮನೆಯವ್ರು ಹೊತ್ತಿಗೆ ಸರಿಯಾಗಿ ಹೇಳ್ಲಿಲ್ಲ ಅಂತ ಬರ್ದಿದೀರಿ."

ಹಿರಿಯರಲ್ಲಿ ಒಬ್ಬರು ಕನ್ನಡಕ ಸರಿ ಮಾಡಿಕೊಂಡರು. ಮ್ಯಾನೇಜರು ಫೈಲು ತೆರೆದು ಮುಚ್ಚಿದರು. "ಅದು ಹಾಗಲ್ಲಮ್ಮ, ನಿಂಗೆ ಅರ್ಥ ಆಗಲ್ಲ."

"ಅರ್ಥ ಆಗಲ್ಲ ಸಾರ್. ಮೀಟರ್ ಬಿಟ್ಟು ತಿಂಗ್ಳು ನೋಡ್ಬೇಕು ಅಂತ ಯಾರೋ ಅಂತಾರೆ. ಅದು ಪೆದ್ದು ಮಾತಲ್ವಾ ಸಾರ್?"

"ಶುದ್ಧ ಪೆದ್ದು ಮಾತು. ನಾನು ಅವನಿಗೆ ತಿಂಗಳಾ ತಿಂಗಳಾ ಇದನ್ನೇ ಬಡ್ಕೊಂಡಿದೀನಿ. ಒಂದನೇ ತಾರೀಖು ಬಂತು ಅಂದ್ರೆ ಬಂದು ತಲೆ ತಿನ್ನೋನು, ಎಣ್ಣೆ ಎಣ್ಣೆ ಅಂತ. ಸ್ಟಿಕರ್ ನೋಡಯ್ಯ ಅಂತ ಎಷ್ಟು ಸಲ..."

ಅಲ್ಲಿಗೆ ಅವರ ಬಾಯಿ ತಾನಾಗಿ ನಿಂತಿತು.

"ತಿಂಗಳಾ ತಿಂಗಳಾ ಬರ್ತಿದ್ನಾ?" ಎಂದರು ಡಾಕ್ಟರಮ್ಮ. ಕಾಗದ ಎತ್ತಿಕೊಂಡು, ಯಾವತ್ತೂ ಗಮನಕ್ಕೆ ತಂದಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟರು. "ಇದು ಯಾರು ಬರೆದದ್ದು?"

ಅವಳು ಪುಸ್ತಕ ಮೇಜಿನ ಮೇಲಿಟ್ಟಳು. "ಹತ್ತು ಸಾವಿರ ಅಂತ ಇರೋ ಹಾಳೆ ಸಾರ್ ಓದಿದಾರೆ. ಮುಂದಿನದು ನೀವು ಓದಿ ಡಾಕ್ಟ್ರಮ್ಮ."

ಡಾಕ್ಟರಮ್ಮ ಹಾಳೆ ತಿರುವಿದರು. ಮೊದಲು ಮನಸ್ಸಿನಲ್ಲೇ ಓದಿದರು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ. ಗಾಡಿ ಯಾವಾಗಲೂ ಹತ್ತಿರದ ಓಟಕ್ಕೇ ಬಳಕೆಯಾದರೆ, ಇಂಜಿನ್ನು ಪೂರ್ತಿ ಬಿಸಿಯಾಗುವ ಮೊದಲೇ ಆರಿಸುತ್ತಿದ್ದರೆ, ಅದು ಕಠಿಣ ಬಳಕೆ. ಅಂಥ ಗಾಡಿಗೆ ಐದು ಸಾವಿರ ಕಿಲೋಮೀಟರು ಇಲ್ಲವೇ ಆರು ತಿಂಗಳು, ಯಾವುದು ಮೊದಲು ಬರುತ್ತದೋ ಆಗ ಎಣ್ಣೆ ಬದಲಾಯಿಸಬೇಕು.

ಅವಳು ಡಬ್ಬಿ ತೆಗೆದು ಮ್ಯಾನೇಜರ ಫೈಲಿನ ಮೇಲೆ ಇಟ್ಟಳು. "ಸ್ಯಾಂಪಲ್ಲು," ಎಂದಳು.

ಡಾಕ್ಟರಮ್ಮ ಡಬ್ಬಿಯ ಚೀಟಿ ಓದಿ, ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

"ಇವ್ರನ್ನ ಇವತ್ತೇ ಕೆಲ್ಸದಿಂದ ತೆಗೀತೀನಿ," ಎಂದರು.

"ಬೇಡ," ಎಂದಳು ಅವಳು.

ಎಲ್ಲರೂ ಅವಳ ಕಡೆ ತಿರುಗಿದರು. ಮ್ಯಾನೇಜರ ಮುಖದಲ್ಲಿ ಅರೆಕ್ಷಣ ಏನೋ ಆಸೆ ಮೂಡಿತು. ಅದನ್ನು ನೋಡಿ ಅವಳಿಗೆ ಎಷ್ಟೋ ದಿನದ ಮೇಲೆ ಮೈಯಲ್ಲಿ ರಕ್ತ ಆಡಿದ ಹಾಗಾಯಿತು.

"ತೆಗೆದ್ರೆ ಬೇರೆ ಊರಿಗೆ ಹೋಗ್ತಾರೆ, ಆರು ತಿಂಗ್ಳಲ್ಲಿ ಮರೀತಾರೆ. ಇಲ್ಲೇ ಇರ್ಲಿ. ಯಾರು ಕೇಳಿದ್ರು, ಯಾರು ಬೇಡ ಅಂದ್ರು ಅಂತ ಸಾರ್ ತಮ್ಮ ಕೈಯಲ್ಲೇ ಬರ್ದು ಕೆಳಗಡೆ ಬೋರ್ಡಿಗೆ ಹಾಕ್ಲಿ. ಗಾಡಿಗೆ ಹೊಸ ಇಂಜಿನ್ ಬರುತ್ತಲ್ಲ? ಅದಕ್ಕೆ ದಿನಾ ಒಂದು ಸಲ ಮೈ ಪೂರ್ತಿ ಕಾಯ್ಬೇಕು. ದಿನಾ ಬೆಳಿಗ್ಗೆ ಸಾರೇ ಓಡಿಸ್ಲಿ. ಆ ತಿರುವಿನವರೆಗೆ. ನಾನೂ ಹಿಂದೆ ಕೂತಿರ್ತೀನಿ."

"ಎಷ್ಟು ದಿನ?" ಎಂದು ಹಿರಿಯರೊಬ್ಬರು ಕೇಳಿದರು.

"ದಿನ ಲೆಕ್ಕ ಹಾಕೋದು ಬೇಡ ಸ್ವಾಮಿ. ಸಾರ್‌ಗೆ ಕಿಲೋಮೀಟರ್ ಇಷ್ಟ."

ಮ್ಯಾನೇಜರು ಬೇಕಾದರೆ ಅಂದೇ ರಾಜೀನಾಮೆ ಬರೆದುಕೊಟ್ಟು ಹೋಗಬಹುದಿತ್ತು. ಬರೆಯಲಿಲ್ಲ. ಐವತ್ತು ದಾಟಿದವರು, ಬೇರೆ ಎಲ್ಲಿ ಕೆಲಸ ಸಿಗುತ್ತದೆ? ಅದೂ ಅವಳಿಗೆ ಗೊತ್ತಿತ್ತು.

ಬೋರ್ಡಿಗೆ ಹಾಕಿದ ಕಾಗದ ಒಂದು ತಿಂಗಳು ಇತ್ತು. ಔಷಧಿ ಕೊಳ್ಳಲು ಬಂದವರೂ ಓದಿದರು. ಅವಳು ದಿನಾ ಅದರ ಗಾಜು ಒರೆಸಿದಳು. ಮ್ಯಾನೇಜರ ಮಗಳು ಈಗ ಶಾಲೆಗೆ ನಡೆದು ಹೋಗುತ್ತಾಳೆ. ಆ ಹುಡುಗಿಯ ಮೇಲೆ ಅವಳಿಗೆ ಸಿಟ್ಟಿಲ್ಲ. ಹಿಂದಿನ ಮನೆ ಅವಳಿಗೇ ಉಳಿಯಿತು, ಹೊಸ ಡ್ರೈವರು ತನ್ನ ಮನೆಯಿಂದ ಎಂಟಕ್ಕೆ ಬರುತ್ತಾನೆ. ಅದಕ್ಕೆ ಮುಂಚಿನ ಹೊತ್ತು ಮ್ಯಾನೇಜರದ್ದು.

ಮೊದಲ ವಾರ ತಿರುವಿಗೆ ಮುಟ್ಟಿ ಗಾಡಿ ತಿರುಗಿಸುವಾಗ ಅವರು ಅತ್ತುಬಿಟ್ಟರು. ಸ್ಟಿಯರಿಂಗಿಗೆ ತಲೆ ಇಟ್ಟು, "ನನ್ನಿಂದ ತಪ್ಪಾಯ್ತು ಆಯಮ್ಮ, ಕ್ಷಮಿಸ್ಬಿಡು," ಎಂದರು.

"ರಸ್ತೆ ನೋಡಿ ಸಾರ್," ಎಂದಳು ಅವಳು. "ಹಿಂದೆ ಲಾರಿ ಬರ್ತಿದೆ."

ಡಾಕ್ಟರಮ್ಮ ಒಂದು ದಿನ ಅವಳನ್ನು ಕೂರಿಸಿಕೊಂಡು ಹೇಳಿದರು, ಸಾಕು ಮಾಡಮ್ಮ, ಇದರಿಂದ ನಿನ್ನ ಆರೋಗ್ಯವೂ ಕೆಡುತ್ತದೆ ಎಂದು. ಮಗಳೂ ಫೋನಿನಲ್ಲಿ ಅದನ್ನೇ ಹೇಳುತ್ತಾಳೆ. "ಅಮ್ಮಾ, ಅಪ್ಪ ಇದ್ದಿದ್ರೆ ಇದನ್ನ ಒಪ್ತಿರ್ಲಿಲ್ಲ."

"ಗೊತ್ತು ಕಣೇ. ನಿಮ್ಮಪ್ಪ ಒಳ್ಳೆಯವರು. ನಾನಲ್ಲ," ಎನ್ನುತ್ತಾಳೆ.

ಹದಿನಾಲ್ಕು ತಿಂಗಳಾಯಿತು. ನಾಲ್ಕು ತಿಂಗಳಿಗೊಮ್ಮೆ ಗ್ಯಾರೇಜಿನಲ್ಲಿ ಮೇಸ್ತ್ರಿ ಎಣ್ಣೆ ಇಳಿಸುವಾಗ ಅವಳು ಪಕ್ಕದಲ್ಲಿ ನಿಂತು ನೋಡುತ್ತಾಳೆ. ದಿನಾ ನಲವತ್ತು ಕಿಲೋಮೀಟರು ಕಾದ ಇಂಜಿನ್ನಿಗೆ ಇಷ್ಟು ಬೇಗ ಬೇಕಾಗಿಲ್ಲ ತಂಗಿ ಎಂದು ಮೇಸ್ತ್ರಿ ಹೇಳಿ ನೋಡಿದ. ಅವಳು ಕೇಳಿಸಿಕೊಂಡಳು, ಅಷ್ಟೇ.

ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಮ್ಯಾನೇಜರ ಮನೆ ಮುಂದೆ ನಿಂತಿರುತ್ತಾಳೆ. ಮೂರು ಸಲ ಬಾಗಿಲು ಬಡಿಯುತ್ತಾಳೆ. ಜೋರಾಗಿ ಬಡಿಯುವುದಿಲ್ಲ, ಅಕ್ಕಪಕ್ಕದವರು ಮಲಗಿರುತ್ತಾರೆ. ಒಳಗಿನಿಂದ ಅವರ ಹೆಂಡತಿಯ ದನಿ ಬರುತ್ತದೆ, "ಬಂದಿದಾಳೆ, ಏಳ್ರೀ." ಒಂದೊಂದು ದಿನ ಮ್ಯಾನೇಜರೇ ಬಾಗಿಲ ಹಿಂದಿನಿಂದ ಕೇಳುತ್ತಾರೆ.

"ಜ್ವರ ಇದೆ ಆಯಮ್ಮ. ಇವತ್ತೊಂದಿನ ಬಿಟ್ಬಿಡೋಣ."

"ಶಾಲು ಹೊದ್ಕೊಂಡ್ ಬನ್ನಿ ಸಾರ್," ಎಂದು ಹೇಳಿ, ಅವರು ಚಪ್ಪಲಿ ಮೆಟ್ಟುವ ಸದ್ದು ಕೇಳುವವರೆಗೆ ಅಲ್ಲೇ ನಿಲ್ಲುತ್ತಾಳೆ. ಆಮೇಲೆ ಮುಂದೆ ಹೋಗಿ ಗೇಟು ತೆಗೆಯುತ್ತಾಳೆ.